ಹಗರಿಯ ದಂಡೆಯ ಹಕ್ಕಿಗಳು: ರಾಯದುರ್ಗ–ಮಡಕಶಿರಾ ಸೀಮೆಯ ಪಕ್ಷಿನಾಮಗಳ ಅಧ್ಯಯನಕ್ಕೊಂದು ಪ್ರವೇಶ

ಕನ್ನಡವನ್ನು ಐಚ್ಛಿಕ ವಿಷಯವಾಗಿ ಓದುವ ವಿದ್ಯಾರ್ಥಿಗೆ ಪಕ್ಷಿವೀಕ್ಷಣೆಯು ಪ್ರಾಣಿಶಾಸ್ತ್ರದವರ ಹವ್ಯಾಸವೆಂದು ತೋರುವುದು ಸಹಜ. ಆದರೆ ಒಂದು ಹಕ್ಕಿಯನ್ನು ಗುರುತಿಸುವುದೆಂದರೆ ಅದನ್ನು ಹೆಸರಿಡಿದು ಕರೆಯುವುದು, ಹೆಸರಿನ ವಿಚಾರವು ಭಾಷಾಧ್ಯಯನದ ವಿಚಾರ. ಎರಡು ಭಾಷೆಗಳು ಒಂದೇ ಬೀದಿಯಲ್ಲಿ ಬಾಳುವ ಗಡಿಸೀಮೆಯಲ್ಲಿ ಈ ಮಾತಿಗೆ ಹೆಚ್ಚಿನ ಅರ್ಥವಿದೆ. ಆಂಧ್ರಪ್ರದೇಶದ ರಾಯದುರ್ಗ ಮತ್ತು ಮಡಕಶಿರಾ ಅಂತಹ ಎರಡು ಊರುಗಳು. ಅಲ್ಲಿನ ಹೊಳೆ, ಕೆರೆ, ಬಂಡೆಗುಡ್ಡಗಳ ಹಕ್ಕಿಗಳನ್ನು ನೋಡುತ್ತ ಕನ್ನಡ–ತೆಲುಗು ಸಂಬಂಧ, ಧ್ವನಿವ್ಯತ್ಯಾಸ, ತತ್ಸಮ–ತದ್ಭವ, ಕವಿಸಮಯ ಎಂಬ ಪಠ್ಯವಿಷಯಗಳನ್ನು ಹೇಗೆ ಅಭ್ಯಾಸ ಮಾಡಬಹುದೆಂಬುದನ್ನು ತಿಳಿಸುವುದು ಈ ಪಾಠದ ಉದ್ದೇಶ.

1. ಸೀಮೆ ಮತ್ತು ಅದರ ನೀರು

ರಾಯದುರ್ಗ ತಾಲ್ಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯ ಭಾಗವಾಗಿತ್ತು. ಆ ವರ್ಷ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರೂಪುಗೊಂಡಾಗ ಬಳ್ಳಾರಿ ಜಿಲ್ಲೆಯ ಆಲೂರು, ಆದೋನಿ, ರಾಯದುರ್ಗ ತಾಲ್ಲೂಕುಗಳು ಆ ರಾಜ್ಯಕ್ಕೆ ಸೇರಿದವು. ಉಳಿದ ಭಾಗವು ಮೈಸೂರಿಗೆ ಬಂದಿತು. ಮಡಕಶಿರಾ 1882ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟು ರಚಿತವಾದ ಅನಂತಪುರ ಜಿಲ್ಲೆಯ ತಾಲ್ಲೂಕು. 2022ರ ಜಿಲ್ಲಾ ಪುನರ್ವಿಂಗಡಣೆಯಲ್ಲಿ ಅದು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ರಾಯದುರ್ಗವು ಅನಂತಪುರ ಜಿಲ್ಲೆಯಲ್ಲಿಯೇ ಉಳಿಯಿತು.

ಆಡಳಿತದ ಗೆರೆಗಳು ಹೀಗೆ ಸರಿದಾಡಿದರೂ ನೆಲದ ನುಡಿಯ ಗುರುತುಗಳು ಅಳಿದಿಲ್ಲ. ರಾಯದುರ್ಗದ ಸುತ್ತಲಿನ ಹಿರೇಹಾಳ್, ಬೊಮ್ಮನಹಾಳ್, ಹೊನ್ನೂರು ಎಂಬ ಊರ ಹೆಸರುಗಳನ್ನು ಕನ್ನಡಿಗನಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಡಕಶಿರಾ ಸೀಮೆಯ ಅಮರಾಪುರಂ ಮಂಡಲದಲ್ಲಿರುವ ಹೇಮಾವತಿಯು ನೊಳಂಬರ ರಾಜಧಾನಿಯಾಗಿದ್ದ ಹೆಂಜೇರು. ದೊಡ್ಡೇಶ್ವರ, ಸಿದ್ಧೇಶ್ವರ ದೇವಾಲಯಗಳಿರುವ ಆ ಊರು ಕನ್ನಡ ಶಾಸನಗಳ ದೊಡ್ಡ ನೆಲೆ. ಅಗಳಿ, ರೊಳ್ಳ, ಗುಡಿಬಂಡ ಮೊದಲಾದ ಕಡೆಗಳಲ್ಲಿ ಇಂದಿಗೂ ಮನೆಮಾತು ಕನ್ನಡವಾಗಿರುವ ಕುಟುಂಬಗಳು ಅನೇಕ.

ಈ ಸೀಮೆಯು ದೇಶದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದು. ಸರಾಸರಿ ವಾರ್ಷಿಕ ಮಳೆ 550 ಮಿಲಿಮೀಟರಿನ ಆಸುಪಾಸು. ಆದುದರಿಂದ ಇಲ್ಲಿ ನೀರು ನಿಂತ ಎಡೆಯೆಲ್ಲ ಹಕ್ಕಿಯ ಎಡೆ. ಬಾಬಾಬುಡನ್ ಗಿರಿಯ ವೇದಾ ಮತ್ತು ಅವತಿ ಹೊಳೆಗಳು ಕೂಡಿ ಆಗುವ ವೇದಾವತಿಯು ಕಡೂರು, ಹಿರಿಯೂರು, ಚಳ್ಳಕೆರೆ ಸೀಮೆಗಳನ್ನು ದಾಟಿ ರಾಯದುರ್ಗದ ನೆಲಕ್ಕೆ ಬರುವ ಹೊತ್ತಿಗೆ ಹಗರಿ ಎನಿಸಿಕೊಳ್ಳುತ್ತದೆ. ಮುಂದೆ ಬಳ್ಳಾರಿಯತ್ತ ಹರಿದು ತುಂಗಭದ್ರೆಯನ್ನು ಸೇರುತ್ತದೆ. ಗುಮ್ಮಗಟ್ಟ ಮಂಡಲದ ಭೈರವಾನಿತಿಪ್ಪದಲ್ಲಿ ಈ ನದಿಗೆ ಜಲಾಶಯವಿದೆ. ಆದರೆ ಮೇಲ್ಗಡೆ ಹಿರಿಯೂರಿನ ಬಳಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು ತುಂಬಿ ಹರಿಯುವುದು ಅಪರೂಪ. 1933ರ ಬಳಿಕ ಅದು ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರಿಲ್ಲದ ವರ್ಷಗಳಲ್ಲಿ ಹಗರಿಯ ಪಾತ್ರವು ಮರಳಿನ ಹಾಸು. ಕಣೇಕಲ್ಲು, ಬೊಮ್ಮನಹಾಳ್ ಮಂಡಲಗಳಲ್ಲಿ, ದರ್ಗಾ ಹೊನ್ನೂರಿನ ಆಸುಪಾಸಿನಲ್ಲಿ, ಆ ಮರಳು ಗಾಳಿಗೆ ಎದ್ದು ಹೊಲಗಳ ಮೇಲೆ ದಿಬ್ಬವಾಗಿ ಕೂರುತ್ತದೆ. ತುಂಗಭದ್ರಾ ಮೇಲ್ಮಟ್ಟದ ಕಾಲುವೆಯ ನೀರು ಪಡೆಯುವ ಕಣೇಕಲ್ಲು ಕೆರೆಯು ಈ ಬರಸೀಮೆಯಲ್ಲಿ ನೀರಹಕ್ಕಿಗಳಿಗೆ ದೊಡ್ಡ ಆಸರೆ.

2. ಎಲ್ಲಿ, ಯಾವಾಗ, ಏನನ್ನು ನೋಡಬೇಕು

ಈ ಪ್ರವಾಸಕ್ಕೆ ನವೆಂಬರಿನಿಂದ ಮಾರ್ಚಿಯವರೆಗಿನ ಅವಧಿ ತಕ್ಕುದು. ಆಗ ಉತ್ತರದ ವಲಸೆ ಬಾತುಗಳು ಕೆರೆಗಳಲ್ಲಿರುತ್ತವೆ. ಕೊಕ್ಕರೆಗಳ ಗೂಡುಕಟ್ಟುವ ಕಾಲವೂ ಅದರೊಳಗೇ ಬರುತ್ತದೆ. ನೋಡತಕ್ಕ ನೆಲೆಗಳನ್ನು ಮೂರು ಬಗೆಯಾಗಿ ವಿಂಗಡಿಸಬಹುದು.

ಮೊದಲನೆಯದು ಕೆರೆ ಮತ್ತು ಹೊಳೆಯ ದಂಡೆ. ಇಲ್ಲಿ ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ, ಟಿಟ್ಟಿಭ, ನಾನಾ ಜಾತಿಯ ಬಾತುಗಳು ಕಾಣಸಿಗುತ್ತವೆ. ಎರಡನೆಯದು ಊರೊಳಗಿನ ಹುಣಸೆಮರ. ಹಿಂದೂಪುರದ ಕಡೆ, ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಣ ಹುಣಸೆಮರಗಳಲ್ಲಿ ಗೂಡು ಕಟ್ಟುತ್ತವೆ. ಮಡಕಶಿರಾಕ್ಕೆ ಹೊಂದಿಕೊಂಡ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿಯೂ ಇದೇ ನೋಟವಿದೆ. ಅಲ್ಲಿ ಬೂದುಬಕಗಳೂ ಜೊತೆಗಿವೆ. ಒಂದು ಊರು ಆಂಧ್ರದ್ದು, ಇನ್ನೊಂದು ಕರ್ನಾಟಕದ್ದು; ಎರಡೂ ಊರಿನವರು ಹಕ್ಕಿಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಿಕ್ಕೆಯ ವಾಸನೆ, ಮರಿಗಳ ಗದ್ದಲ, ಹುಣಸೆಹಣ್ಣಿನ ನಷ್ಟ ಇವೆಲ್ಲವನ್ನೂ ಸಹಿಸಿದ ರಕ್ಷಣೆಯದು. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೀಗೆ ಫಲ ಬಿಟ್ಟುಕೊಟ್ಟವರಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡುವ ಪದ್ಧತಿಯಿದೆ. ಆ ಊರು ಹಕ್ಕಿಯ ಹೆಸರನ್ನು ತನ್ನ ಹೆಸರಿನೊಳಗೇ ಇರಿಸಿಕೊಂಡಿದೆ.

ಮೂರನೆಯದು ಬಂಡೆಗುಡ್ಡ ಮತ್ತು ಕುರುಚಲು. ರಾಯದುರ್ಗದ ಕೋಟೆಗುಡ್ಡದಂತಹ ಹೆಬ್ಬಂಡೆಗಳ ರಾಶಿ ದಕ್ಷಿಣ ದಖ್ಖನಿನ ವಿಶಿಷ್ಟ ಭೂರೂಪ. ಜಗತ್ತಿನ ಬೇರಾವ ಭಾಗದಲ್ಲಿಯೂ ಇಲ್ಲದ ಹಳದಿ ಕೊರಳಿನ ಪಿಕಳಾರವು ದಕ್ಷಿಣ ಭಾರತದ ಇಂತಹ ಬಂಡೆಗುಡ್ಡಗಳ ಹಕ್ಕಿ. ನಂದಿಬೆಟ್ಟ, ದೇವರಾಯನದುರ್ಗಗಳಲ್ಲಿ ಅದನ್ನು ನೋಡಲೆಂದೇ ವೀಕ್ಷಕರು ಬರುತ್ತಾರೆ. ಗುಡ್ಡದ ಬುಡದ ಕುರುಚಲಿನಲ್ಲಿ ಕೌಜುಗ, ಹರಟೆಮಲ್ಲ, ನವಿಲು, ತಂತಿಯ ಮೇಲೆ ಕುಳಿತ ನೀಲಕಂಠ ಇವೆಲ್ಲ ನೋಡಸಿಗುತ್ತವೆ. ನೀಲಕಂಠವು ಕರ್ನಾಟಕದ ರಾಜ್ಯಪಕ್ಷಿ. ಅವಿಭಜಿತ ಆಂಧ್ರಪ್ರದೇಶಕ್ಕೂ ಅದೇ ರಾಜ್ಯಪಕ್ಷಿಯಾಗಿತ್ತು. 2018ರಲ್ಲಿ ಆಂಧ್ರಪ್ರದೇಶವು ಅದರ ಬದಲಿಗೆ ಗಿಳಿಯನ್ನು ಆರಿಸಿಕೊಂಡಿತು. ತೆಲುಗಿನಲ್ಲಿ ನೀಲಕಂಠಕ್ಕೆ ಪಾಲಪಿಟ್ಟ ಎಂದು ಹೆಸರು.

3. ಎರಡು ನುಡಿಗಳಲ್ಲಿ ಒಂದು ಹಕ್ಕಿ

ಮೊದಲು ‘ಹಕ್ಕಿ’ ಎಂಬ ಶಬ್ದವನ್ನೇ ತೆಗೆದುಕೊಳ್ಳಬಹುದು. ಸಂಸ್ಕೃತದ ‘ಪಕ್ಷಿ’ಯು ‘ಪಕ್ಕಿ’ ಎಂದು ತದ್ಭವವಾಗಿ, ಹಳಗನ್ನಡದ ಪಕಾರವು ನಡುಗನ್ನಡದಲ್ಲಿ ಹಕಾರವಾದಾಗ ‘ಹಕ್ಕಿ’ಯಾಯಿತು. ಪಾಲು–ಹಾಲು, ಪುಲಿ–ಹುಲಿ, ಪಳ್ಳಿ–ಹಳ್ಳಿ ಎಂಬಲ್ಲಿ ನಡೆದ ವ್ಯತ್ಯಾಸವೇ ಇಲ್ಲಿಯೂ ನಡೆದಿದೆ. ತೆಲುಗು ಈ ಬದಲಾವಣೆಗೆ ಒಳಗಾಗಲಿಲ್ಲ. ಅಲ್ಲಿ ಹಾಲಿಗೆ ಇಂದಿಗೂ ‘ಪಾಲು’, ಹುಲಿಗೆ ‘ಪುಲಿ’. ಹಳಗನ್ನಡದ ಕಾವ್ಯವನ್ನು ಓದಿದ ವಿದ್ಯಾರ್ಥಿಗೆ ಗಡಿಯ ತೆಲುಗಿನಲ್ಲಿ ತನ್ನ ಭಾಷೆಯದೇ ಹಳೆಯ ಧ್ವನಿ ಕೇಳಿಸಿದಂತಾಗುವುದಕ್ಕೆ ಕಾರಣವಿದು.

ಎರಡನೆಯ ಉದಾಹರಣೆ ‘ಕೋಳಿ’. ಹಳಗನ್ನಡದಲ್ಲಿ ಇದು ‘ಕೋೞಿ’. ೞಕಾರವು ಮುಂದೆ ಳಕಾರದಲ್ಲಿ ಲೀನವಾಯಿತು. ಇದೇ ಮೂಲಧ್ವನಿಯು ತೆಲುಗಿನಲ್ಲಿ ಡಕಾರವಾಗಿ ‘ಕೋಡಿ’ ಎಂಬ ರೂಪ ಬಂದಿತು. ಕನ್ನಡದ ‘ಏೞು’ ತೆಲುಗಿನಲ್ಲಿ ‘ಏಡು’ ಆಗಿರುವುದೂ ಹೀಗೆಯೇ. ಕನ್ನಡದಲ್ಲಿ ‘ಕೋಡಿ’ ಎಂದರೆ ಕೆರೆಯ ಹೆಚ್ಚುವರಿ ನೀರು ಹರಿದುಹೋಗುವ ಎಡೆ. ಹಾಗಾಗಿ ಒಂದೇ ಉಚ್ಚಾರಣೆ ಗಡಿಯ ಒಬ್ಬನಿಗೆ ಕೆರೆಯ ಅಂಚನ್ನೂ ಇನ್ನೊಬ್ಬನಿಗೆ ಹಿತ್ತಿಲ ಹುಂಜವನ್ನೂ ಸೂಚಿಸುತ್ತದೆ. ಇಂತಹ ಸಮಧ್ವನಿ ಶಬ್ದಗಳನ್ನು ಸಮಾನಮೂಲದ ಶಬ್ದಗಳೊಡನೆ ಬೆರೆಸಬಾರದು.

ಸಮಾನಮೂಲದ ಶಬ್ದಗಳು ಹಲವು ಇವೆ. ಕನ್ನಡದ ‘ಕೊಕ್ಕರೆ’ಗೆ ತೆಲುಗಿನಲ್ಲಿ ‘ಕೊಕ್ಕೆರ’ ಎಂಬ ರೂಪವಿದೆ. ಹೆಚ್ಚು ಬಳಕೆಯ ‘ಕೊಂಗ’ವೂ ಅದೇ ಬಳಗದ್ದೆಂದು ದ್ರಾವಿಡ ಭಾಷಾವಿಜ್ಞಾನಿಗಳು ಗುರುತಿಸುತ್ತಾರೆ. ‘ನವಿಲು’ ಮತ್ತು ‘ನೆಮಲಿ’, ‘ಗೊರವಂಕ’ ಮತ್ತು ‘ಗೋರುವಂಕ’, ‘ಕೌಜುಗ’ ಮತ್ತು ‘ಕೌಜು’, ‘ಗೂಬೆ’ ಮತ್ತು ‘ಗುಡ್ಲಗೂಬ’ ಈ ಜೋಡಿಗಳಲ್ಲಿ ನಂಟು ಕಣ್ಣಿಗೇ ಕಾಣುತ್ತದೆ. ಆದರೆ ‘ಗುಬ್ಬಿ’ಗೆ ತೆಲುಗಿನಲ್ಲಿ ‘ಪಿಚ್ಚುಕ’. ಇಲ್ಲಿ ಎರಡು ನುಡಿಗಳು ಬೇರೆ ಬೇರೆ ದಾರಿ ಹಿಡಿದಿವೆ.

ಹೋಲಿಕೆಯಿದ್ದರೂ ನಂಟಿಲ್ಲದ ಜೋಡಿಯೊಂದಿದೆ. ಕನ್ನಡದ ‘ಹದ್ದು’ ಮತ್ತು ತೆಲುಗಿನ ‘ಗದ್ದ’ ಕಿವಿಗೆ ಒಂದೇ ಮನೆಯವೆನಿಸುತ್ತವೆ. ಆದರೆ ‘ಹದ್ದು’ ಹಳಗನ್ನಡದ ‘ಪರ್ದು’ವಿನಿಂದ ಬಂದ ದೇಶ್ಯ ಶಬ್ದ, ‘ಗದ್ದ’ವು ಸಂಸ್ಕೃತದ ‘ಗೃಧ್ರ’ದಿಂದ ಬಂದದ್ದು. ಧ್ವನಿಸಾಮ್ಯವನ್ನು ಕಂಡೊಡನೆ ಸಂಬಂಧ ಕಲ್ಪಿಸದೆ ಹಿಂದಿನ ರೂಪಗಳನ್ನು ಹುಡುಕಬೇಕೆಂಬ ಪಾಠವನ್ನು ಈ ಒಂದು ಜೋಡಿಯೇ ಕಲಿಸುತ್ತದೆ.

ಸಮಾಸದ ಅಭ್ಯಾಸಕ್ಕೂ ಪಕ್ಷಿನಾಮಗಳು ಒದಗುತ್ತವೆ. ‘ಹೆಬ್ಬಾತು’ ಎಂಬುದು ಹಿರಿದು ಮತ್ತು ಬಾತು ಸೇರಿ ಆದ ರೂಪ. ಹೆಮ್ಮರ, ಹೆದ್ದಾರಿ, ಹೆಬ್ಬಾಗಿಲುಗಳ ಸಾಲಿನದು. ಹಿಮಾಲಯವನ್ನು ದಾಟಿ ಬಂದು ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ಚಳಿಗಾಲ ಕಳೆಯುವ ಪಟ್ಟೆತಲೆಯ ಹೆಬ್ಬಾತಿನ ಹೆಸರಿನಲ್ಲಿ ಈ ಸಮಾಸವಿದೆ. ‘ಬೆಳ್ಳಕ್ಕಿ’, ‘ಮರಕುಟಿಗ’, ‘ಮಿಂಚುಳ್ಳಿ’, ‘ಹರಟೆಮಲ್ಲ’ ಇವುಗಳಲ್ಲಿ ಹೆಸರು ಯಾವುದನ್ನು ಹಿಡಿದಿದೆಯೆಂದು ಕೇಳಿಕೊಳ್ಳಬೇಕು. ಬಣ್ಣವನ್ನೋ ಕಸುಬನ್ನೋ ಹೊಳಪನ್ನೋ ಗುಣವನ್ನೋ ಜನರು ಮೊದಲು ಗಮನಿಸಿದ್ದಾರೆ; ಹೆಸರು ಆ ಗಮನದ ದಾಖಲೆ. ಕೂಗನ್ನೇ ಹೆಸರಾಗಿಸುವುದು ಇನ್ನೊಂದು ಬಗೆ. ‘ಟಿಟ್ಟಿಭ’ವೂ ತೆಲುಗಿನ ‘ತೀತುವು’ವೂ ಇಂತಹ ಅನುಕರಣ ಶಬ್ದಗಳು. ಆಸ್ಟ್ರೇಲಿಯದ ‘ಕೂಕಬರ’ವೆಂಬ ಮಿಂಚುಳ್ಳಿಯ ಹೆಸರು ಅಲ್ಲಿನ ಮೂಲನಿವಾಸಿಗಳ ವಿರಾಜುರಿ ಭಾಷೆಯಿಂದ ಇಂಗ್ಲಿಷಿಗೆ ಹೋದದ್ದು; ಅದೂ ಆ ಹಕ್ಕಿಯ ನಗುವಿನಂತಹ ಕೂಗಿನ ಅನುಕರಣೆಯೇ.

4. ಕವಿಸಮಯದ ಹಕ್ಕಿ, ಕಣ್ಣೆದುರಿನ ಹಕ್ಕಿ

ಕನ್ನಡ ಕಾವ್ಯಗಳಲ್ಲಿ ಹಕ್ಕಿಗಳಿಗೆ ಕೊರತೆಯಿಲ್ಲ. ಹಂಸವು ಹಾಲನ್ನೂ ನೀರನ್ನೂ ಬೇರ್ಪಡಿಸುತ್ತದೆ, ಚಕೋರವು ಬೆಳುದಿಂಗಳನ್ನು ಕುಡಿಯುತ್ತದೆ, ಚಾತಕವು ಮಳೆಹನಿಗಾಗಿ ಬಾಯ್ದೆರೆದು ಕಾಯುತ್ತದೆ, ಚಕ್ರವಾಕದ ಜೋಡಿ ಇರುಳಿನಲ್ಲಿ ಅಗಲುತ್ತದೆ. ಇವು ಕವಿಸಮಯಗಳು, ಲೋಕದಲ್ಲಿ ಹಾಗಿರದಿದ್ದರೂ ಕಾವ್ಯಲೋಕವು ಒಪ್ಪಿಕೊಂಡ ನಂಬಿಕೆಗಳು. ಚಕೋರವೆಂದು ಸಾಮಾನ್ಯವಾಗಿ ಗುರುತಿಸಲಾಗುವ ಹಕ್ಕಿಯು ಹಿಮಾಲಯ ಮತ್ತು ವಾಯವ್ಯದ ಬೆಟ್ಟಗಳದು. ದಖ್ಖನಿನಲ್ಲಿ ಅದು ಇಲ್ಲ. ಅದನ್ನು ಎಂದೂ ಕಾಣದ ಕನ್ನಡ ಕವಿಗಳು ಪರಂಪರೆಯಿಂದ ಅದನ್ನು ಪಡೆದರು.

ಚಾತಕದ ವಿಷಯ ಬೇರೆ. ಕಪ್ಪು–ಬಿಳಿ ಮೈಯ, ಜುಟ್ಟಿನ ಈ ಕೋಗಿಲೆಯ ಬಂಧುವು ಕುರುಚಲು ಸೀಮೆಯಲ್ಲಿ ನಿಜಕ್ಕೂ ನೋಡಸಿಗುವ ಹಕ್ಕಿ. ಆಫ್ರಿಕದಿಂದ ಬರುವ ಅದರ ಒಂದು ಬಳಗವು ಮುಂಗಾರಿನೊಡನೆ ಉತ್ತರ ಮತ್ತು ಮಧ್ಯಭಾರತವನ್ನು ತಲುಪುತ್ತದೆ. ದಕ್ಷಿಣದಲ್ಲಿ ನೆಲೆಸಿರುವ ಬಳಗವೂ ಒಂದಿದೆ. ಅದು ತನ್ನ ಮೊಟ್ಟೆಯನ್ನು ಹರಟೆಮಲ್ಲನ ಗೂಡಿನಲ್ಲಿಡುತ್ತದೆ. ಹನಿಯನ್ನು ಮಾತ್ರ ಕುಡಿಯುತ್ತದೆಂಬುದು ಕಲ್ಪನೆಯಾದರೂ ಮಳೆಗೂ ಅದಕ್ಕೂ ನಂಟುಂಟೆಂಬುದು ನೋಡಿದವರ ಅನುಭವ. ಹೀಗೆ ಕೆಲವು ಕವಿಸಮಯಗಳ ಬುಡದಲ್ಲಿ ವೀಕ್ಷಣೆಯ ಬೇರು ಇರುತ್ತದೆ. ಚಕ್ರವಾಕವೂ ಚಳಿಗಾಲದಲ್ಲಿ ದಕ್ಷಿಣದ ಕೆರೆಗಳಿಗೆ ಅಲ್ಪಸಂಖ್ಯೆಯಲ್ಲಿ ಬರುವ ಬಾತು. ಅದಕ್ಕೆ ಕನ್ನಡವು ಕೊಟ್ಟ ‘ಜಕ್ಕವಕ್ಕಿ’ ಎಂಬ ರೂಪದಲ್ಲಿ ‘ಚಕ್ರ’ವು ‘ಜಕ್ಕ’ವಾಗಿರುವುದನ್ನೂ, ‘ಪಕ್ಕಿ’ಯ ಪಕಾರವು ವಕಾರವಾಗಿರುವುದನ್ನೂ ಗಮನಿಸಬೇಕು.

ಆಧುನಿಕ ಕಾಲದಲ್ಲಿ ಶಿವರಾಮ ಕಾರಂತರು ವಿಜ್ಞಾನ ಬರಹಗಳ ಮೂಲಕ, ಪೂರ್ಣಚಂದ್ರ ತೇಜಸ್ವಿಯವರು ‘ಕನ್ನಡ ನಾಡಿನ ಹಕ್ಕಿಗಳು’ ಮೊದಲಾದ ಕೃತಿಗಳ ಮೂಲಕ ಕನ್ನಡದ ಓದುಗನನ್ನು ಪರಂಪರೆಯ ಹಕ್ಕಿಯಿಂದ ಕಣ್ಣೆದುರಿನ ಹಕ್ಕಿಯತ್ತ ತಿರುಗಿಸಿದರು. ಇಂಗ್ಲಿಷಿನಿಂದ ಅನುವಾದಿಸಿದ ಹೆಸರುಗಳಿಗಿಂತ ಜನಬಳಕೆಯ ಹೆಸರು ಎಷ್ಟೋ ಸಲ ಹೆಚ್ಚು ನಿಖರವೆಂಬುದು ಇಂತಹ ಬರಹಗಳಿಂದ ತಿಳಿಯುತ್ತದೆ.

5. ನಿರುಕ್ತಿಯಲ್ಲಿ ಎಚ್ಚರ

ಹೆಸರಿನ ಅರ್ಥ ಹೇಳುವ ಆಸೆ ಬಲವಾದದ್ದು. ಅದು ತಪ್ಪುದಾರಿಗೂ ಒಯ್ಯುತ್ತದೆ. ‘ಹಗರಿ’ಯನ್ನು ‘ಅಘಹರಿ’, ಅಂದರೆ ಪಾಪ ಕಳೆಯುವವಳು, ಎಂದು ಬಿಡಿಸುವ ವಿವರಣೆಯು ಜನಪ್ರಿಯವಾಗಿದೆ. ಭಕ್ತಿಯ ದೃಷ್ಟಿಯಿಂದ ಅದಕ್ಕೆ ಬೆಲೆಯಿದೆ. ಭಾಷಾಶಾಸ್ತ್ರದ ದೃಷ್ಟಿಯಿಂದ ಅದು ಜನಪದ ನಿರುಕ್ತಿ. ದೇಶ್ಯ ನಾಮವೊಂದಕ್ಕೆ ಸಂಸ್ಕೃತದ ಉಡುಗೆ ತೊಡಿಸುವ ಈ ಪ್ರವೃತ್ತಿಯು ಸ್ಥಳನಾಮಗಳಲ್ಲಿ ಮತ್ತೆ ಮತ್ತೆ ಎದುರಾಗುತ್ತದೆ.

ಆಸ್ಟ್ರೇಲಿಯದ ಮರಮ್‌ಬಿಜಿ ನದಿಯ ದಂಡೆಯಲ್ಲಿ ವಾಗಾ ವಾಗಾ ಎಂಬ ಪಟ್ಟಣವಿದೆ. ವಿರಾಜುರಿ ಭಾಷೆಯಲ್ಲಿ ಆ ಹೆಸರಿಗೆ ‘ಕಾಗೆಗಳು ಬಹಳವಿರುವ ಎಡೆ’ ಎಂದರ್ಥವೆಂದು ಬಹುಕಾಲ ನಂಬಲಾಗಿತ್ತು. ಪಟ್ಟಣದ ಲಾಂಛನಗಳಲ್ಲಿಯೂ ಕಾಗೆ ಬಂದಿತ್ತು. ವಿರಾಜುರಿ ಹಿರಿಯರು ಅದನ್ನು ಒಪ್ಪಲಿಲ್ಲ. ಕುಣಿತ ಮತ್ತು ಸಂಭ್ರಮದ ಎಡೆಯೆಂಬುದೇ ಸರಿಯೆಂದರು. 2019ರಲ್ಲಿ ನಗರಸಭೆಯು ಕಾಗೆಯ ಅರ್ಥವನ್ನು ಕೈಬಿಟ್ಟು ಹಿರಿಯರ ಅರ್ಥವನ್ನು ಅಂಗೀಕರಿಸಿತು. ಸ್ಥಳನಾಮದ ಅರ್ಥವನ್ನು ಅದನ್ನು ಆಡುವ ಜನರನ್ನು ಕೇಳದೆ ನಿರ್ಧರಿಸಬಾರದು ಎಂಬುದು ಇದರಿಂದ ಸ್ಪಷ್ಟ. ಎರಡು ನುಡಿಗಳ ನಡುವಿನ ನಮ್ಮ ಗಡಿಯಲ್ಲಿ ಈ ಎಚ್ಚರ ಇನ್ನೂ ಅಗತ್ಯ. ಇಲ್ಲಿ ಶಬ್ದದ ಮೂಲವನ್ನು ಹೇಳುವುದು ಬಹುಬೇಗ ನೆಲದ ಒಡೆತನವನ್ನು ಹೇಳುವುದಾಗಿಬಿಡುತ್ತದೆ.

6. ಹೆಸರು ಉಳಿದರೆ

ಅನಂತಪುರ ಸೀಮೆಗೆ ಪಕ್ಷಿಶಾಸ್ತ್ರದ ಚರಿತ್ರೆಯಲ್ಲಿ ಒಂದು ವಿಶೇಷ ಸ್ಥಾನವಿದೆ. ಮದರಾಸು ಸೈನ್ಯದ ವೈದ್ಯನಾಗಿದ್ದ ಥಾಮಸ್ ಜೆರ್ಡನ್ ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಕುರುಚಲಿನಲ್ಲಿ ಓಡಾಡುವ ಒಂದು ಸಣ್ಣ ಹಕ್ಕಿಯನ್ನು ಮೊದಲು ಪತ್ತೆಹಚ್ಚಿದನು. 1900ರಲ್ಲಿ ಅನಂತಪುರದ ಬಳಿ ಹೊವಾರ್ಡ್ ಕ್ಯಾಂಪ್‌ಬೆಲ್ ಅದನ್ನು ಕಂಡದ್ದೇ ಕೊನೆ, ಆಮೇಲೆ ಎಂಬತ್ತಾರು ವರ್ಷ ಅದು ಯಾವ ಶಾಸ್ತ್ರಜ್ಞನ ಕಣ್ಣಿಗೂ ಬೀಳಲಿಲ್ಲ, ಅಳಿದುಹೋಯಿತೆಂದೇ ಭಾವಿಸಲಾಯಿತು. 1986ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಕಡಪಾ ಜಿಲ್ಲೆಯಲ್ಲಿ ಅದನ್ನು ಮರಳಿ ಕಂಡರು. ಅದನ್ನು ಹಿಡಿದು ತೋರಿಸಿದವನು ಸ್ಥಳೀಯನೊಬ್ಬ. ಆ ಸೀಮೆಯ ಜನರು ಅದನ್ನು ‘ಕಲಿವಿಕೋಡಿ’ ಎನ್ನುತ್ತಾರೆ: ಕಲಿವಿ ಪೊದೆಯ ಕೋಳಿ. ಇರುಳಿನಲ್ಲಿ ಸಂಚರಿಸುವ ಆ ಹಕ್ಕಿಯ ನೆಲೆಯಾವುದೆಂಬ ತಿಳಿವು ಆ ಹೆಸರಿನೊಳಗೇ ಇದೆ.

ಇದಕ್ಕೆ ಎದುರಾದ ಉದಾಹರಣೆ ‘ಎರೆಭೂತ’. ಎರೆ ಎಂದರೆ ಕಪ್ಪುಮಣ್ಣು; ಎರೆಯ ಹುಲ್ಲುಗಾವಲಿನ ಈ ದೊಡ್ಡ ಹಕ್ಕಿಗೆ ಕನ್ನಡದಲ್ಲಿ ‘ದೊರವಾಯನ ಹಕ್ಕಿ’ ಎಂದೂ ತೆಲುಗಿನಲ್ಲಿ ‘ಬಟ್ಟಮೇಕ ಪಿಟ್ಟ’ ಎಂದೂ ಹೆಸರಿದೆ. ಒಂದು ಕಾಲಕ್ಕೆ ದಖ್ಖನಿನ ಬಯಲುಗಳಲ್ಲಿ ಹರಡಿದ್ದ ಅದು ಇಂದು ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಭೂಮಿಯಲ್ಲಿ ಬೆರಳೆಣಿಕೆಯಷ್ಟು ಉಳಿದಿದೆ. ಹುಲ್ಲುಗಾವಲು ಹೊಲವಾಯಿತು, ಬೇಟೆ ನಡೆಯಿತು, ವಿದ್ಯುತ್ ತಂತಿಗಳು ಬಂದವು. ಹಕ್ಕಿ ಕಾಣದಾದಾಗ ಅದರ ಹೆಸರು ಹಿರಿಯರ ಬಾಯಲ್ಲಿ ಒಂದು ತಲೆಮಾರು ಉಳಿಯುತ್ತದೆ; ಮುಂದಿನ ತಲೆಮಾರಿಗೆ ಅದು ಬರಿಯ ಸದ್ದಾಗುತ್ತದೆ. ಹಕ್ಕಿ ಇದ್ದೂ ಹೆಸರು ಮರೆತರೆ ಅದು ಅಳಿಯುವುದು ಯಾರ ಗಮನಕ್ಕೂ ಬಾರದು.

ಗಡಿಯ ಕನ್ನಡಕ್ಕೆ ಈ ಎರಡನೆಯ ಅಪಾಯ ಹತ್ತಿರದ್ದು. ಶಾಲೆಯ ಭಾಷೆ, ಕಚೇರಿಯ ಭಾಷೆ, ಮನೆಯ ಭಾಷೆ ಬೇರೆಬೇರೆಯಾದ ಮಗುವಿಗೆ ಎಣಿಕೆ, ವ್ಯಾಪಾರ, ಪರೀಕ್ಷೆಗಳ ಮಾತು ಹೇಗೋ ದೊರೆಯುತ್ತದೆ. ಹುಲ್ಲು, ಹುಳು, ಹಕ್ಕಿಗಳ ಮಾತು ಮೊದಲು ಕಳಚಿಕೊಳ್ಳುತ್ತದೆ. ಏಕೆಂದರೆ ಅದು ಯಾವ ಪಠ್ಯದಲ್ಲಿಯೂ ಇಲ್ಲ, ಅಜ್ಜ–ಅಜ್ಜಿಯರ ಬಾಯಲ್ಲಿ ಮಾತ್ರ ಇದೆ.

7. ಕ್ಷೇತ್ರಕಾರ್ಯದ ಕ್ರಮ

ಪಕ್ಷಿನಾಮಗಳನ್ನು ಸಂಗ್ರಹಿಸಹೊರಡುವವರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಹಕ್ಕಿಯನ್ನು ತಾವೇ ಗುರುತಿಸಿ ಎಡೆ, ದಿನಾಂಕ, ಹೊತ್ತುಗಳನ್ನು ಬರೆದುಕೊಳ್ಳಬೇಕು. ಬಳಿಕ ಕುರಿಗಾಹಿ, ಮೀನುಗಾರ, ರೈತ, ಮನೆಯ ಹಿರಿಯ ಹೆಂಗಸರು ಹೀಗೆ ಬೇರೆ ಬೇರೆ ಕಸುಬಿನವರನ್ನು ಕೇಳಬೇಕು. ಕೇಳುವಾಗ ಹೆಸರನ್ನು ತಾವಾಗಿ ಸೂಚಿಸಬಾರದು. ಚಿತ್ರ ತೋರಿಸಿ ಅಥವಾ ಹಕ್ಕಿಯನ್ನೇ ತೋರಿಸಿ ‘ಇದಕ್ಕೆ ಏನಂತೀರಿ’ ಎಂದಷ್ಟೇ ಕೇಳಬೇಕು. ಉತ್ತರವನ್ನು ಆಡಿದಂತೆಯೇ ಬರೆಯಬೇಕು, ಗ್ರಾಂಥಿಕಗೊಳಿಸಬಾರದು. ಹೇಳಿದವರ ಮನೆಮಾತು ಕನ್ನಡವೋ ತೆಲುಗೋ ಎಂಬುದನ್ನು ಗುರುತುಮಾಡಬೇಕು. ಇಬ್ಬರೂ ಒಂದೇ ಹೆಸರನ್ನು ಹೇಳಿದರೆ ಅದೂ ಮುಖ್ಯವಾದ ಸಂಗತಿ. ಹೆಸರಿನೊಡನೆ ಬರುವ ಗಾದೆ, ಒಗಟು, ಶಕುನದ ನಂಬಿಕೆಗಳನ್ನು ಬಿಡದೆ ದಾಖಲಿಸಬೇಕು. ಗೂಡುಗಳ ಸಮೀಪ ಹೋಗುವುದು, ಮರಿಗಳಿರುವ ಮರದಡಿ ಗದ್ದಲ ಮಾಡುವುದು ಸಲ್ಲದು.

ಅಭ್ಯಾಸ

1. ಪಕಾರ–ಹಕಾರ ವ್ಯತ್ಯಾಸವನ್ನು ಪಕ್ಷಿನಾಮಗಳ ಮತ್ತು ಸಮಾನ ತೆಲುಗು ಶಬ್ದಗಳ ಸಹಾಯದಿಂದ ವಿವರಿಸಿರಿ.
2. ‘ಹದ್ದು’ ಮತ್ತು ‘ಗದ್ದ’ ಸಮಾನಮೂಲದವಲ್ಲವೆಂಬುದನ್ನು ತೋರಿಸಿ, ಧ್ವನಿಸಾಮ್ಯದ ಅಪಾಯವನ್ನು ಚರ್ಚಿಸಿರಿ.
3. ಚಾತಕ ಮತ್ತು ಚಕೋರಗಳ ಕವಿಸಮಯಗಳಲ್ಲಿ ವೀಕ್ಷಣೆಯ ಅಂಶವೆಷ್ಟು? ಹೋಲಿಸಿ ಬರೆಯಿರಿ.
4. ನಿಮ್ಮ ಊರಿನ ಹತ್ತು ಹಕ್ಕಿಗಳ ಹೆಸರುಗಳನ್ನು ಅರುವತ್ತು ದಾಟಿದ ಒಬ್ಬರಿಂದಲೂ ಹದಿನೈದರೊಳಗಿನ ಒಬ್ಬರಿಂದಲೂ ಸಂಗ್ರಹಿಸಿರಿ. ಎರಡು ಪಟ್ಟಿಗಳ ನಡುವಿನ ವ್ಯತ್ಯಾಸವು ಏನನ್ನು ತಿಳಿಸುತ್ತದೆ?